ಏಳಡಿಯ ಹುಡುಗ

ಮಗನಿಗೆ ಆಟದಲ್ಲಿ ಕೈ ಚೆನ್ನಾಗಿದೆ, ಓದಿನಲ್ಲಿ ಮಾತ್ರ ಮನಸ್ಸು ನಿಲ್ಲುವುದಿಲ್ಲ, ಏನು ಮಾಡೋಣ ಎಂದು ಚಿಂತಿಸುವ ತಂದೆತಾಯಿಗಳು ಯಾವ ಊರಿನಲ್ಲಿಲ್ಲ? ಆಟದಿಂದ ಜೀವನ ನಡೆದೀತೆಂಬ ಮಾತು ನಮ್ಮ ಹಿರಿಯರಿಗೆ ನಗೆಯ ವಿಷಯವಾಗಿದ್ದಿತು, ಈಗ ಹಾಗಿಲ್ಲ. ಆದುದರಿಂದ ಈ ತಿಂಗಳು ಪಂಜಾಬಿನ ರೈತರೊಬ್ಬರ ಮಗನ ವೃತ್ತಾಂತವನ್ನು ವಾಚಕರ ಮುಂದಿಡುವೆವು. ಹೈಸ್ಕೂಲಿನ ಅಂಗಳದಿಂದ ಹೊರಟು, ಕಾಲೇಜಿನ ಮೆಟ್ಟಲನ್ನೇ ಹತ್ತದೆ, ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್ ಬಾಲ್ ತಂಡವೊಂದಕ್ಕೆ ಆಯ್ಕೆಯಾದ ಹುಡುಗನೀತ.

ಸತ್ನಾಮ್ ಸಿಂಗ್ ಭಮರಾ ಹುಟ್ಟಿದುದು ೧೯೯೫ರ ಡಿಸೆಂಬರಿನಲ್ಲಿ, ಬಲ್ಲೋ ಕೆ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆ ಬಲ್ಬೀರ್ ಸಿಂಗರಿಗೆ ಹೊಲವೂ ಹಿಟ್ಟಿನ ಗಿರಣಿಯೂ ಇದ್ದುವು. ಅವರೂ ಏಳಡಿ ಮೀರಿದ ಆಳು. ಅವರು ಪ್ರಾಯದಲ್ಲಿದ್ದಾಗ ಬ್ಯಾಸ್ಕೆಟ್ ಬಾಲ್ ಆಡೆಂದು ಹೇಳಿದವರುಂಟು. ಮನೆಯ ಹಿರಿಯರು ಒಪ್ಪದೆ ಬೇಸಾಯಕ್ಕೇ ನಿಲ್ಲಿಸಿಕೊಂಡರು. ತಮಗೆ ಮುಚ್ಚಿದ ಬಾಗಿಲು ಮಗನಿಗಾದರೂ ತೆರೆಯಲೆಂದು ಅವರು ಬಯಸಿದುದು ಸಹಜವೇ ಸರಿ. ಹುಡುಗನನ್ನು ಲೂಧಿಯಾನದ ಬ್ಯಾಸ್ಕೆಟ್ ಬಾಲ್ ಅಕಾಡೆಮಿಗೆ ಸೇರಿಸಿದರು. ಅಲ್ಲಿ ಡಾ. ಎಸ್. ಸುಬ್ರಮಣಿಯನ್ ಎಂಬ ಶಿಕ್ಷಕರು ಆತನನ್ನು ತಿದ್ದಿದರು. ಬೆಳೆಯುತ್ತಲೇ ಇರುವ ಮೈಗೆ ಓಟ, ನೆಗೆತ, ಕೈಚಳಕ ಕಲಿಸುವುದು ಸುಲಭದ ಕೆಲಸವಲ್ಲ.

೨೦೧೦ರಲ್ಲಿ ಫ್ಲಾರಿಡಾ ಪ್ರಾಂತದ ಬ್ರೇಡನ್‌ಟನ್ ನಗರದ ಐ.ಎಂ.ಜಿ. ಅಕಾಡೆಮಿಯಲ್ಲಿ ಓದುತ್ತ ಆಡುವುದಕ್ಕೆ ಆತನಿಗೆ ವಿದ್ಯಾರ್ಥಿವೇತನ ದೊರೆಯಿತು. ಆಗ ವಯಸ್ಸು ಹದಿನಾಲ್ಕು. ಇಂಗ್ಲಿಷ್ ಬಾರದು, ಪಂಜಾಬಿಯೇ ಮನೆಮಾತು. ಇಲ್ಲೊಂದು ಸಂಗತಿಯನ್ನು ಗೃಹಿಣಿಯರು ಬೇಗ ಗ್ರಹಿಸುವರು: ಮೈ ಮೀರಿ ಬೆಳೆದ ಹುಡುಗನನ್ನು ಲೋಕವು ದೊಡ್ಡವನೆಂದೇ ಎಣಿಸುತ್ತದೆ. ಬಾಗಿಲಿಗೆ ತಲೆ ತಾಗುವವನಾದರೂ ಆತನ ಮನಸ್ಸು ಹದಿನಾಲ್ಕು ವರ್ಷದ್ದೇ. ತಾಯಿಯ ಕೈಯಡಿಗೆಯಿಂದ ಸಾವಿರಾರು ಮೈಲು ದೂರದಲ್ಲಿ, ತಿಳಿಯದ ಭಾಷೆಯಲ್ಲಿ ಗಣಿತ ಚರಿತ್ರೆಗಳನ್ನು ಓದಿ, ಅದೇ ಭಾಷೆಯಲ್ಲಿ ಆಟದ ಹೂಟಗಳನ್ನೂ ಕಲಿಯಬೇಕು. ಐದು ವರ್ಷ ಆತನು ಅಲ್ಲಿ ನಿಂತನು. ಅಷ್ಟಕ್ಕಾಗಿಯೇ ಆತನನ್ನು ಮೆಚ್ಚಬೇಕು.

ಆಟ ಬಂದಿತು, ಓದು ಬೇಕಾದಷ್ಟು ಬರಲಿಲ್ಲ. ಅಮೆರಿಕದಲ್ಲಿ ಕಾಲೇಜಿನ ತಂಡಕ್ಕೆ ಆಡಬೇಕಾದರೆ ಹೈಸ್ಕೂಲಿನಲ್ಲಿ ಗೊತ್ತಾದ ವಿಷಯಗಳನ್ನು ಓದಿ ಗೊತ್ತಾದಷ್ಟು ಅಂಕಗಳನ್ನು ಪಡೆದಿರಬೇಕು. ಆ ಮಟ್ಟವು ಆತನಿಗೆ ದೊರಕಲಿಲ್ಲವಾಗಿ ಕಾಲೇಜಿನ ದಾರಿ ಮುಚ್ಚಿತು. ೨೦೧೫ರಲ್ಲಿ ನೇರವಾಗಿ ವೃತ್ತಿಪರರ ಆಯ್ಕೆಗೇ ಹೆಸರು ಕೊಟ್ಟನು. ಎಲ್ಲರೂ ಇದನ್ನು ಸಾಹಸವೆಂದರು. ಉಳಿದಿದ್ದುದು ಅದೊಂದೇ ದಾರಿಯೆಂಬುದನ್ನು ನೆನೆದವರು ಕಡಮೆ.

ಹೀಗೆ ಹೋದವರಲ್ಲಿ ಆತನು ಮೊದಲಿಗನೇನಲ್ಲ. ೧೯೭೪ರಲ್ಲಿ ಮೋಸಸ್ ಮಲೋನ್, ೧೯೯೫ರಲ್ಲಿ ಕೆವಿನ್ ಗಾರ್ನೆಟ್, ೧೯೯೬ರಲ್ಲಿ ಕೋಬಿ ಬ್ರಯಂಟ್, ೨೦೦೩ರಲ್ಲಿ ಲೆಬ್ರಾನ್ ಜೇಮ್ಸ್, ಇವರೆಲ್ಲರೂ ಹೈಸ್ಕೂಲಿನಿಂದಲೇ ಹೋಗಿ ಲೋಕಪ್ರಸಿದ್ಧರಾದರು. ಈ ಹೆಸರುಗಳನ್ನು ಹೇಳುವವರು ಕಾರ್ಲಿಯೋನ್ ಯಂಗನ ಹೆಸರನ್ನು ಹೇಳುವುದಿಲ್ಲ. ಆತನೂ ೧೯೯೮ರಲ್ಲಿ ಹಾಗೆಯೇ ಹೋದನು, ಡೆಟ್ರಾಯಿಟ್ ತಂಡಕ್ಕೆ ಮೂರು ಪಂದ್ಯಗಳನ್ನಾಡಿದನು, ಅಲ್ಲಿಗೆ ಮುಗಿಯಿತು. ೨೦೦೫ರಲ್ಲಿ ಆ ದೇಶದ ರಾಷ್ಟ್ರೀಯ ಬ್ಯಾಸ್ಕೆಟ್ ಬಾಲ್ ಸಂಘದವರೂ ಆಟಗಾರರ ಒಕ್ಕೂಟದವರೂ ಕೂಡಿ, ಹತ್ತೊಂಬತ್ತು ತುಂಬದವರು ಬರಕೂಡದೆಂದೂ, ಅಲ್ಲಿಯೇ ಓದಿದವರಿಗೆ ಹೈಸ್ಕೂಲು ಮುಗಿದ ಮೇಲೆ ಒಂದು ವರ್ಷವಾದರೂ ಕಳೆದಿರಬೇಕೆಂದೂ ಕಟ್ಟಳೆ ಮಾಡಿದರು. ಆ ಕಟ್ಟಳೆ ಬಂದ ತರುವಾಯ ಕಾಲೇಜಿನಲ್ಲಾಗಲಿ ಯಾವುದೇ ವೃತ್ತಿಪರ ತಂಡದಲ್ಲಾಗಲಿ ಆಡದೆ ಆಯ್ಕೆಯಾದವರಲ್ಲಿ ಸತ್ನಾಮನೇ ಮೊದಲಿಗನೆಂದು ಪತ್ರಿಕೆಗಳು ಬರೆದುವು.

೨೦೧೫ರ ಜೂನ್ ೨೫ರ ರಾತ್ರಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ೫೨ನೆಯ ಹೆಸರಾಗಿ ಆತನನ್ನು ಕೂಗಿದರು; ಆರಿಸಿಕೊಂಡವರು ಡಲ್ಲಾಸ್ ತಂಡದವರು. ಭಾರತದಲ್ಲಿ ಹುಟ್ಟಿದವನೊಬ್ಬನು ಹಾಗೆ ಆಯ್ಕೆಯಾದುದು ಅದೇ ಮೊದಲು. ಇಲ್ಲಿ ಸಂಭ್ರಮವೋ ಸಂಭ್ರಮ. ಆದರೆ ಪಂಕ್ತಿಯಲ್ಲಿ ಎಲೆ ಹಾಕಿದ ಮಾತ್ರಕ್ಕೆ ಊಟವಾಯಿತೆಂದಲ್ಲ. ಆ ರಾತ್ರಿ ಆಯ್ದವರು ೬೦ ಮಂದಿ. ಮೊದಲ ಸುತ್ತಿನ ೩೦ ಮಂದಿಗೆ ಸಂಬಳದ ಭರವಸೆಯುಳ್ಳ ಒಪ್ಪಂದವುಂಟು. ಎರಡನೆಯ ಸುತ್ತಿನವರಿಗೆ ಅಂತಹ ಭರವಸೆ ಇಲ್ಲ. ಅವರನ್ನು ಆಡಿಸುವ ಹಕ್ಕು ತಂಡದ್ದು, ಆಡಿಸಲೇಬೇಕೆಂಬ ಕಟ್ಟುಪಾಡಿಲ್ಲ. ಈ ಸೂಕ್ಷ್ಮವನ್ನು ಅಂದು ನಮ್ಮ ಪತ್ರಿಕೆಗಳು ಬಿಡಿಸಿ ಹೇಳಿದ್ದರೆ ಚೆನ್ನಾಗಿರುತ್ತಿದ್ದಿತು.

ಸತ್ನಾಮನು ಟೆಕ್ಸಾಸ್ ಲೆಜೆಂಡ್ಸ್ ಎಂಬ ಕೆಳಪಂಕ್ತಿಯ ತಂಡದಲ್ಲಿ ಎರಡು ಋತುಗಳನ್ನು ಕಳೆದನು. ಆಡಿದುದಕ್ಕಿಂತ ಬೆಂಚಿನ ಮೇಲೆ ಕುಳಿತುದೇ ಹೆಚ್ಚು. ಮೇಲಿನ ಸಂಘದಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಆತನ ಶ್ರಮದಲ್ಲಿ ಕೊರತೆಯಿತ್ತೆಂದು ನಮಗೆ ತೋರುವುದಿಲ್ಲ, ಆಟವೇ ಬದಲಾಗಿದ್ದಿತು. ಬುಟ್ಟಿಯ ಬಳಿ ಮರದಂತೆ ನಿಲ್ಲುವ ಭಾರಿ ಆಳಿಗೆ ಹಿಂದೆ ಇದ್ದ ಬೆಲೆ ಆ ವೇಳೆಗೆ ಇಳಿದು, ದೂರದಿಂದ ಎಸೆದು ಮೂರು ಅಂಕ ಗಳಿಸುವವನಿಗೂ ಚುರುಕಾಗಿ ಓಡುವವನಿಗೂ ಬೆಲೆ ಏರಿದ್ದಿತು. ಹದಿನಾಲ್ಕರಲ್ಲಿ ಯಾವ ಎತ್ತರವನ್ನು ಕಂಡು ಕರೆದೊಯ್ದರೋ ಆ ಎತ್ತರ ಇಪ್ಪತ್ತರ ವೇಳೆಗೆ ಸಾಲದಾಯಿತು. ಮಗುವಿನ ಭವಿಷ್ಯವನ್ನೆಲ್ಲ ಒಂದೇ ಗುಣದ ಮೇಲೆ ಕಟ್ಟುವವರು ಆ ಗುಣಕ್ಕೆ ಹತ್ತು ವರ್ಷದ ಮೇಲೆ ಪೇಟೆಯಲ್ಲಿ ಏನು ಧಾರಣೆಯಿರುವುದೆಂದು ಹೇಳಬಲ್ಲರೆ? ಕಳುಹಬಾರದಿತ್ತೆಂದು ನಾವು ಹೇಳುವುದಿಲ್ಲ. ಮಗನ ಭಾಗ್ಯವನ್ನು ತಡೆಯುವುದು ಯಾವ ತಂದೆಗೂ ಆಗದು. ಆದರೆ ವಿದ್ಯಾರ್ಥಿವೇತನದ ಕಾಗದ ಬಂದಾಗ ತಾಯಿಯಾದವಳು ಕೇಳಬೇಕಾದುದು ಒಂದುಂಟು: ದಿನಕ್ಕೆ ಎಷ್ಟು ಗಂಟೆ ಆಟ, ಎಷ್ಟು ಗಂಟೆ ಪಾಠ, ಆ ಪಾಠವನ್ನು ಯಾವ ಭಾಷೆಯಲ್ಲಿ ಯಾರು ತಿಳಿಸಿಕೊಡುವರು? ಉತ್ತರವನ್ನು ಬರವಣಿಗೆಯಲ್ಲಿ ಪಡೆದರೆ ಮರ್ಯಾದೆಗೇನೂ ಕುಂದಿಲ್ಲ.

ಮುಂದಿನ ಕಥೆ ಏರುಪೇರಿನದು. ಕೆನಡಾದಲ್ಲಿ ಕೆಲಕಾಲ ಆಡಿದನು. ೨೦೧೯ರ ಮದ್ದಿನ ಪರೀಕ್ಷೆಯಲ್ಲಿ ನಿಷಿದ್ಧ ದ್ರವ್ಯ ಕಂಡುಬಂದು ಎರಡು ವರ್ಷಗಳ ನಿಷೇಧಕ್ಕೆ ಗುರಿಯಾದನು. ೨೦೨೧ರಲ್ಲಿ ಅಮೆರಿಕದ ವೃತ್ತಿಪರ ಕುಸ್ತಿಯ ಕಂಪೆನಿಯೊಂದು ಆತನೊಡನೆ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಆತನು ಕುಸ್ತಿಯ ಅಖಾಡಕ್ಕಿಳಿದನು. ಅಲ್ಲಿ ಏಳಡಿಯ ಆಳನ್ನು ನೋಡುವುದಕ್ಕೆಂದೇ ಜನ ಹಣ ಕೊಟ್ಟು ಬರುತ್ತಾರೆ.