ಲಸಿಕೆಯ ಸಂಶಯ ಮತ್ತು ನಮ್ಮ ಮೇಲಿರುವ ಅಮಾನತ್

2021ರ ಏಪ್ರಿಲ್ ತಿಂಗಳು, ರಮಝಾನಿನ ಮೊದಲ ವಾರ. ಬಬಲೇಶ್ವರದಲ್ಲಿದ್ದ ನನ್ನ ಖಾಲಾ ಅಸ್ರ್ ನಮಾಝಿನ ಬಳಿಕ ಫೋನ್ ಮಾಡಿದರು. ಅವರಿಗೆ ಆಗ 58 ವರ್ಷ, ಜೊತೆಗೆ ಸಕ್ಕರೆ ಕಾಯಿಲೆ. ಆ ತಿಂಗಳ 1ರಿಂದ 45 ವರ್ಷ ದಾಟಿದ ಎಲ್ಲರಿಗೂ ಕೊರೋನಾ ಲಸಿಕೆ ಹಾಕತೊಡಗಿದ್ದರು. ಆಶಾ ಕಾರ್ಯಕರ್ತೆ ಎರಡು ಸಲ ಮನೆ ಬಾಗಿಲಿಗೆ ಬಂದು ಕರೆದು ಹೋಗಿದ್ದರು. “ರೋಜಾದಾಗ ಸೂಜಿ ಮಾಡಿಸಿಕೊಂಡ್ರ ರೋಜಾ ಮುರೀತದೇನ ಬೇಟಾ?” ಎಂದು ಖಾಲಾ ಕೇಳಿದರು.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು; ಮನೆತನದಲ್ಲಿ ಓದಿದವನು ಎಂದೇ ಅವರು ನನ್ನನ್ನು ಕೇಳಿದ್ದರು. “ಈದ್ ಆಗಲಿ ಖಾಲಾ, ಆಮ್ಯಾಲ ನೋಡೂಣು” ಎಂದುಬಿಟ್ಟೆ. ಈದ್ ಬಂದದ್ದು ಮೇ 14ರಂದು. ಅದಕ್ಕೆ ಐದು ದಿನ ಮುಂಚೆ ವಿಜಯಪುರದ ಆಸ್ಪತ್ರೆಯೊಂದರಲ್ಲಿ ಖಾಲಾ ತೀರಿಕೊಂಡರು. ಅಲ್ಲಾಹನು ಅವರಿಗೆ ಮಗ್ಫಿರತ್ ನೀಡಲಿ.

ಲಸಿಕೆ ಪಡೆದಿದ್ದರೆ ಅವರು ಬದುಕುತ್ತಿದ್ದರು ಎಂದು ಹೇಳುವ ಜ್ಞಾನ ನನಗಿಲ್ಲ. ಆಯುಷ್ಯ ಅಲ್ಲಾಹನ ಕೈಯಲ್ಲಿದೆ. ಆದರೆ ನನ್ನ ಉತ್ತರ ತಪ್ಪಾಗಿತ್ತು ಎಂಬುದರಲ್ಲಿ ಸಂಶಯವಿಲ್ಲ. ತೋಳಿನ ಸ್ನಾಯುವಿಗೆ ಕೊಡುವ ಈ ಚುಚ್ಚುಮದ್ದು ಆಹಾರವೂ ಅಲ್ಲ, ಪಾನೀಯವೂ ಅಲ್ಲ. ಅದರಿಂದ ಉಪವಾಸ ಭಂಗವಾಗುವುದಿಲ್ಲ ಎಂದು ಸೌದಿ ಅರೇಬಿಯಾದ ಮುಫ್ತಿ-ಎ-ಆಝಮ್ ಆ ರಮಝಾನಿಗೆ ಮುನ್ನವೇ ಸ್ಪಷ್ಟಪಡಿಸಿದ್ದರು. ನಮ್ಮ ದೇಶದ ಅನೇಕ ಉಲಮಾಗಳೂ ಅದನ್ನೇ ಹೇಳಿದ್ದರು. ನಮ್ಮ ಓಣಿಯ ಮಸೀದಿಯ ಪೇಶ್ ಇಮಾಮರನ್ನು ಕೇಳಲು ನನಗೆ ಬೇಕಿದ್ದುದು ಐದು ನಿಮಿಷ.

ಅಬೂದಾವೂದರ ಹದೀಸ್ ಸಂಗ್ರಹದಲ್ಲಿ ಹಝ್ರತ್ ಜಾಬಿರ್(ರ)ರಿಂದ ವರದಿಯಾದ ಒಂದು ಘಟನೆ ಆ ಬಳಿಕ ನನ್ನನ್ನು ಬಿಟ್ಟಿಲ್ಲ. ಪ್ರಯಾಣದಲ್ಲಿದ್ದ ಒಬ್ಬರ ತಲೆಗೆ ಕಲ್ಲು ಬಡಿದು ಗಾಯವಾಯಿತು. ಅವರಿಗೆ ಸ್ನಾನ ಕಡ್ಡಾಯವಾದಾಗ, ತಯಮ್ಮುಮ್ ಮಾಡಿದರೆ ಸಾಕೇ ಎಂದು ಸಂಗಡಿಗರನ್ನು ಕೇಳಿದರು. ನೀರು ಇರುವಾಗ ನಿನಗೆ ಆ ರಿಯಾಯಿತಿ ಇಲ್ಲ ಎಂದು ಸಂಗಡಿಗರು ಹೇಳಿಬಿಟ್ಟರು. ಆತ ಸ್ನಾನ ಮಾಡಿದರು, ಮರಣ ಹೊಂದಿದರು. ಸುದ್ದಿ ತಿಳಿದ ಪ್ರವಾದಿ(ಸ)ರು, ಅವರೇ ಅವನನ್ನು ಕೊಂದರು ಎಂದರು. ತಿಳಿಯದಿದ್ದಾಗ ಕೇಳಬಾರದಿತ್ತೇ, ಅಜ್ಞಾನಕ್ಕೆ ಕೇಳುವುದೇ ಔಷಧಿಯಲ್ಲವೇ ಎಂದು ವಿಚಾರಿಸಿದರು. ಆ ಸಂಗಡಿಗರು ಕೆಟ್ಟವರಾಗಿರಲಿಲ್ಲ. ದೀನಿನಲ್ಲಿ ಕಟ್ಟುನಿಟ್ಟಾಗಿರಬೇಕೆಂಬ ಒಳ್ಳೆಯ ಉದ್ದೇಶದಿಂದಲೇ ಉತ್ತರಿಸಿದ್ದರು. ನಾನೂ ಹಾಗೆಯೇ.

ಲಸಿಕೆಗೆ ಹಿಂಜರಿದ ನಮ್ಮ ಜನರನ್ನು ಅನಕ್ಷರಸ್ಥರು, ಮೂಢರು ಎಂದು ಬರೆದವರು ಅಂದು ಬಹಳ ಮಂದಿ. ಅವರು ಯಾರೂ ತಿಕೋಟಾದಲ್ಲಿ ನನ್ನ ಚಾಚಾರ ಎದುರು ಕುಳಿತವರಲ್ಲ. ತಿಕೋಟಾ ದ್ರಾಕ್ಷಿಯ ಊರು. ಚಾಚಾ ಒಣದ್ರಾಕ್ಷಿ ಶೆಡ್‌ನಲ್ಲಿ ಲೆಕ್ಕ ನೋಡಿಕೊಳ್ಳುತ್ತಾರೆ, ಪತ್ರಿಕೆ ಓದದೆ ಚಹಾ ಕುಡಿಯುವವರಲ್ಲ. ಅವರು ಲಸಿಕೆ ಬೇಡವೆಂದದ್ದಕ್ಕೆ ರೋಜಾ ಕಾರಣವಾಗಿರಲಿಲ್ಲ. “ಹ್ವಾದ ವರ್ಷ ಬ್ಯಾನಿ ಹಬ್ಬಿಸೋರು ನೀವಽ ಅಂದ್ರು. ಈ ವರ್ಷ ನಮ್ಮ ಮ್ಯಾಲ ಇಷ್ಟ ಪ್ರೀತಿ ಯಾಕ ಬಂತು?” ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಗೆ ಹಿನ್ನೆಲೆ ಇತ್ತು. 2020ರ ಮಾರ್ಚ್ ಕೊನೆಯಲ್ಲಿ ದಿಲ್ಲಿಯ ತಬ್ಲೀಗ್ ಮರ್ಕಝ್‌ನ ಹೆಸರು ಹಿಡಿದು ಇಡೀ ಸಮುದಾಯವನ್ನೇ ರೋಗದ ಇನ್ನೊಂದು ಹೆಸರೆಂಬಂತೆ ಟಿ.ವಿ.ಗಳು ಬಿಂಬಿಸಿದವು. ತರಕಾರಿ ಮಾರುವ ಮುಸ್ಲಿಮನನ್ನು ಹೆಸರು ಕೇಳಿ ಹಿಂದೆ ಕಳುಹಿಸಿದ ಊರುಗಳಿದ್ದವು. ಅದೇ ವರ್ಷದ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶಿ ತಬ್ಲೀಗಿಗಳ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶುಗಳನ್ನಾಗಿ ಮಾಡಲಾಗಿದೆ ಎಂಬ ಅರ್ಥದ ಮಾತು ಹೇಳಿತು. ಆರೋಪ ತಿಂಗಳುಗಟ್ಟಲೆ ಟಿ.ವಿ.ಯಲ್ಲಿ ನಡೆಯಿತು, ತೀರ್ಪು ಒಂದು ದಿನದ ಸುದ್ದಿಯಾಯಿತು. ಅದಕ್ಕೂ ಮುಂಚೆ ಎನ್‌ಆರ್‌ಸಿಯ ಭಯ ಇತ್ತು. ಮನೆಮನೆಗೆ ಬಂದು ಹೆಸರು, ವಯಸ್ಸು ಬರೆದುಕೊಳ್ಳುವ ಯಾರನ್ನೇ ಕಂಡರೂ ಜನ ಬೆಚ್ಚುತ್ತಿದ್ದ ಕಾಲ. ಬೆಂಗಳೂರಿನಲ್ಲಿ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಯರ ಮೇಲೆ ನಮ್ಮವರಲ್ಲಿ ಕೆಲವರು ಕೈ ಮಾಡಿದ್ದು ಆ ಭಯದಲ್ಲೇ. ಭಯ ಕಾರಣವಾಗಬಹುದು, ಸಮರ್ಥನೆಯಾಗಲಾರದು. ತಿಂಗಳಿಗೆ ಕೆಲವೇ ಸಾವಿರ ರೂಪಾಯಿಗೆ ಬಿಸಿಲಲ್ಲಿ ಅಲೆಯುವ ಆ ಹೆಣ್ಣುಮಕ್ಕಳು ನಮಗೆ ಯಾವ ಅನ್ಯಾಯವನ್ನೂ ಮಾಡಿರಲಿಲ್ಲ.

ಲಸಿಕೆಯ ಕುರಿತೂ ನ್ಯಾಯವಾದ ಪ್ರಶ್ನೆಗಳಿದ್ದವು. 2021ರ ಜನವರಿ 3ರಂದು ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್ ಎರಡಕ್ಕೂ ಒಪ್ಪಿಗೆ ಸಿಕ್ಕಿತು. ಕೋವ್ಯಾಕ್ಸಿನ್‌ನ ಮೂರನೆಯ ಹಂತದ ಪರೀಕ್ಷೆಯ ಫಲಿತಾಂಶ ಆಗ ಇನ್ನೂ ಕೈಸೇರಿರಲಿಲ್ಲ. ಜನವರಿ 16ರಂದು ದೇಶಾದ್ಯಂತ ಲಸಿಕೆ ಆರಂಭವಾಯಿತು. ಅದರ ಮಧ್ಯಂತರ ಫಲಿತಾಂಶ ಹೊರಬಂದದ್ದು ಮಾರ್ಚ್ 3ರಂದು. ಮೊದಲು ಒಪ್ಪಿಗೆ, ಆಮೇಲೆ ಲೆಕ್ಕ! ಆ ಲೆಕ್ಕ ಒಳ್ಳೆಯದೇ ಬಂತು ಎಂಬುದು ಬೇರೆ ಮಾತು. ಜನವರಿಯಲ್ಲಿ ಅದನ್ನು ಕೇಳಿದ ವಿಜ್ಞಾನಿಗಳನ್ನೂ ದೇಶಕ್ಕೆ ವಿರುದ್ಧ ಮಾತನಾಡಿದವರಂತೆ ಕಂಡದ್ದು ಸರಿಯಲ್ಲ.

ಇನ್ನು ಹಂದಿಯ ಜಿಲಾಟಿನ್ ವಿಚಾರ. ಅದು 2020ರ ಡಿಸೆಂಬರ್‌ನಲ್ಲಿ ಹಬ್ಬಿತು. ನಮ್ಮಲ್ಲಿ ಹಾಕಿದ ಈ ಎರಡು ಲಸಿಕೆಗಳಲ್ಲಿ ಜಿಲಾಟಿನ್ ಇರಲಿಲ್ಲ. ಇದ್ದರೂ, ಬೇರೆ ದಾರಿ ಇಲ್ಲದಾಗ ಪ್ರಾಣರಕ್ಷಣೆಗಾಗಿ ಪಡೆಯಬಹುದೆಂದು ಯುಎಇಯ ಫತ್ವಾ ಮಂಡಳಿ ಅದೇ ತಿಂಗಳು ಹೇಳಿತ್ತು. ಕುತೂಹಲದ ಸಂಗತಿಯೆಂದರೆ, ಆರು ತಿಂಗಳ ಬಳಿಕ ಕೋವ್ಯಾಕ್ಸಿನ್‌ನಲ್ಲಿ ಕರುವಿನ ರಕ್ತಸಾರ ಇದೆ ಎಂಬ ಇನ್ನೊಂದು ಗದ್ದಲ ಎದ್ದಿತು. ಕೋಶಗಳನ್ನು ಬೆಳೆಸಲು ಮಾತ್ರ ಅದನ್ನು ಬಳಸಿ ತೊಳೆದುಬಿಡುತ್ತಾರೆ, ಅಂತಿಮ ಲಸಿಕೆಯಲ್ಲಿ ಅದಿಲ್ಲ ಎಂದು ಸರಕಾರ ವಿವರಣೆ ಕೊಡಬೇಕಾಯಿತು. ನಮಗೆ ಹಂದಿ, ನೆರೆಯವರಿಗೆ ಕರು. 1857ರ ತೋಟಾಗಳ ಕಥೆ ಗೊತ್ತಿದ್ದವರಿಗೆ ಈ ಜೋಡಿ ಹೊಸದೇನಲ್ಲ.

ಸಂಶಯಪಟ್ಟವನ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಹಝ್ರತ್ ಉಮರ್(ರ)ರ ಜೀವನದಲ್ಲಿ ಕಾಣಬಹುದು. ಅವರು ಶಾಮ್ ನಾಡಿಗೆ ಹೊರಟು ಸರ್ಗ್ ಎಂಬಲ್ಲಿಗೆ ಬಂದಾಗ ಮುಂದೆ ಪ್ಲೇಗ್ ಇದೆಯೆಂಬ ಸುದ್ದಿ ಸಿಕ್ಕಿತು. ಅವರು ಮೊದಲು ಮುಹಾಜಿರರನ್ನು ಕರೆದು ಕೇಳಿದರು, ಅವರಲ್ಲಿ ಒಮ್ಮತ ಬರಲಿಲ್ಲ. ಅನ್ಸಾರರನ್ನು ಕೇಳಿದರು, ಅಲ್ಲಿಯೂ ಇಲ್ಲ. ಕುರೈಶರ ಹಿರಿಯರನ್ನು ಕೇಳಿದರು, ಅವರು ಹಿಂದಿರುಗಿ ಎಂದರು. ಉಮರ್(ರ) ಹಿಂದಿರುಗಲು ನಿರ್ಧರಿಸಿದಾಗ ಹಝ್ರತ್ ಅಬೂ ಉಬೈದ(ರ) ಆಕ್ಷೇಪಿಸಿದರು: ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ? ಖಲೀಫರು ಗದರಿಸಲಿಲ್ಲ, ಈಮಾನನ್ನು ಅಳೆಯಲಿಲ್ಲ. ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆ ಎಂದು ಹೇಳಿ, ಒಂದು ಕಡೆ ಹಸಿರು, ಇನ್ನೊಂದು ಕಡೆ ಬರಡು ಇರುವ ಕಣಿವೆಯಲ್ಲಿ ಒಂಟೆ ಮೇಯಿಸುವವನ ಉದಾಹರಣೆ ಕೊಟ್ಟರು. ಬಳಿಕ ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು, ಪ್ಲೇಗ್ ಇರುವ ನಾಡಿಗೆ ಹೋಗಬೇಡಿ, ನೀವಿರುವಲ್ಲಿ ಬಂದರೆ ಅಲ್ಲಿಂದ ಓಡಬೇಡಿ ಎಂಬ ಪ್ರವಾದಿ(ಸ)ರ ಆದೇಶವನ್ನು ತಿಳಿಸಿದರು. ಅಬೂ ಉಬೈದ(ರ) ಅದೇ ಅಮ್ವಾಸ್ ಪ್ಲೇಗಿನಲ್ಲಿ ನಿಧನರಾದರು. ಈ ಸಮುದಾಯದ ಅಮೀನ್, ನಂಬಿಕಸ್ಥ, ಎಂದು ಪ್ರವಾದಿ(ಸ)ರು ಕರೆದದ್ದು ಅವರನ್ನೇ. ಅಂಥವರಿಗೂ ಪ್ರಶ್ನೆ ಕೇಳುವ ಸ್ಥಳ ಆ ಸಭೆಯಲ್ಲಿತ್ತು.

ನಮ್ಮ ಭಾಗಕ್ಕೆ ಪ್ಲೇಗ್ ಬಂದಾಗ ಏನಾಯಿತು? ಆಗ ಬಿಜಾಪುರ, ಧಾರವಾಡ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. 1897ರ ಜನವರಿಯಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ಎಂಬ ಯಹೂದಿ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗ್ ಲಸಿಕೆಯನ್ನು ಸಿದ್ಧಪಡಿಸಿ, ಮೊದಲು ತನಗೇ ಚುಚ್ಚಿಕೊಂಡರು. ಮೂರನೆಯ ಆಗಾ ಖಾನ್ ತಮ್ಮ ಅನುಯಾಯಿಗಳ ಭಯ ಹೋಗಲೆಂದು ಎಲ್ಲರೆದುರು ಲಸಿಕೆ ಹಾಕಿಸಿಕೊಂಡರು. ಅದೇ ಮುಂಬಯಿಯಲ್ಲಿ 1898ರ ಮಾರ್ಚ್ 9ರಂದು, ಕಾಯಿಲೆಯ ಹುಡುಗಿಯೊಬ್ಬಳನ್ನು ಮನೆಯಿಂದ ಒಯ್ಯಲು ಸರಕಾರದ ತಂಡ ಬಂದಾಗ ನೇಕಾರ ಮುಸ್ಲಿಮರು ಸಿಡಿದೆದ್ದು ದೊಡ್ಡ ಗಲಭೆಯಾಯಿತು. ಒಂದೇ ನಗರ, ಒಂದೇ ರೋಗ. ಒಂದೆಡೆ ತಮ್ಮವನೊಬ್ಬ ಮೊದಲು ತೋಳು ಚಾಚಿದ್ದ, ಇನ್ನೊಂದೆಡೆ ಅಪರಿಚಿತರು ಜನಾನಾದೊಳಗೆ ನುಗ್ಗಲು ಬಂದಿದ್ದರು. ಆ ವರ್ಷ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಲಸಿಕೆ ಪಡೆದರು.

1902ರಲ್ಲಿ ಪಂಜಾಬಿನ ಮುಲ್ಕೊವಾಲ್ ಎಂಬ ಹಳ್ಳಿಯಲ್ಲಿ ಒಂದೇ ಬಾಟಲಿಯ ಲಸಿಕೆಯಿಂದ 19 ಜನ ಧನುರ್ವಾಯುವಿಗೆ ತುತ್ತಾಗಿ ಸತ್ತರು. ತಪ್ಪನ್ನು ಹಾಫ್‌ಕಿನ್ ಮೇಲೆ ಹೊರಿಸಲಾಯಿತು. ಅವರು ನಿರ್ದೋಷಿ ಎಂಬುದು ಒಪ್ಪಿತವಾಗಲು 1907 ಬರಬೇಕಾಯಿತು. ಲಸಿಕೆಯಿಂದ ಎಂದೂ ಯಾರಿಗೂ ಏನೂ ಆಗಿಲ್ಲ ಎನ್ನುವವರು ಇದನ್ನು ಓದಬೇಕು. ಲಸಿಕೆಯೆಂದರೆ ವಿಷ ಎನ್ನುವವರೂ ಓದಬೇಕು, ಏಕೆಂದರೆ ಕೆಟ್ಟದ್ದು ಒಂದು ಬಾಟಲಿ.

ನಮ್ಮ ಕಾಲಕ್ಕೆ ಬರೋಣ. ಕೋವಿಶೀಲ್ಡ್‌ನಿಂದ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಆಗಬಹುದು ಎಂಬುದು 2021ರಲ್ಲೇ ತಿಳಿದಿತ್ತು. ಆ ವರ್ಷದ ಮೇ 17ರಂದು ಕೇಂದ್ರ ಆರೋಗ್ಯ ಸಚಿವಾಲಯವೇ, ಅಂಥ 26 ಸಂಭಾವ್ಯ ಪ್ರಕರಣಗಳು ಕಂಡಿವೆ, 10 ಲಕ್ಷ ಡೋಸ್‌ಗೆ 0.61ರ ಪ್ರಮಾಣ ಎಂದು ಪ್ರಕಟಿಸಿತು. ಆದರೆ ವಿಜಯಪುರದ ಯಾವ ಓಣಿಯಲ್ಲಿ ಯಾರು ಇದನ್ನು ಜನರಿಗೆ ಬಿಡಿಸಿ ಹೇಳಿದರು? ಹೇಳಿದರೆ ಹೆದರುತ್ತಾರೆ ಎಂದು ಎಲ್ಲರೂ ಸುಮ್ಮನಿದ್ದರು, ನಾನೂ. 2024ರಲ್ಲಿ ಬ್ರಿಟನ್ನಿನ ನ್ಯಾಯಾಲಯದಲ್ಲಿ ಆಸ್ಟ್ರಾಝೆನೆಕಾ ಕಂಪೆನಿ ಇದನ್ನು ಒಪ್ಪಿಕೊಂಡ ಸುದ್ದಿ ಬಂದಾಗ, ಮೂರು ವರ್ಷ ಮುಚ್ಚಿಟ್ಟಿದ್ದ ಗುಟ್ಟೊಂದು ಬಯಲಾಯಿತು ಎಂದೇ ಜನ ಭಾವಿಸಿದರು. ಮುಂದಿನ ವರ್ಷ ಹಾಸನದಲ್ಲಿ ಹೃದಯಾಘಾತದ ಸಾವುಗಳು ಸುದ್ದಿಯಾದಾಗ, 2025ರ ಜುಲೈ 1ರಂದು ನಮ್ಮ ಮುಖ್ಯಮಂತ್ರಿಗಳೇ ಅವಸರದಲ್ಲಿ ಕೊಟ್ಟ ಲಸಿಕೆಯೂ ಕಾರಣವಿರಬಹುದು ಎಂದರು. ಕೇಂದ್ರ ಸರಕಾರ ಮರುದಿನವೇ ಅಲ್ಲಗಳೆಯಿತು. ರಾಜ್ಯದ ತಜ್ಞರ ಸಮಿತಿಯೂ ಅಂಥ ಸಂಬಂಧ ಕಂಡಿಲ್ಲ ಎಂದಿತು. ಅಷ್ಟರಲ್ಲಿ ಹೃದಯದ ಆಸ್ಪತ್ರೆಗಳ ಮುಂದೆ ಜನರ ಸಾಲು ಬೆಳೆದಿತ್ತು. ಕಹಿ ಸತ್ಯವನ್ನು ಅಂದೇ ಅಳತೆ ಸಮೇತ ಹೇಳಿದ್ದರೆ ಇಂದಿನ ಸುಳ್ಳಿಗೆ ಇಷ್ಟು ಗಿರಾಕಿ ಸಿಗುತ್ತಿರಲಿಲ್ಲ ಎಂದು ನನ್ನ ಅಭಿಪ್ರಾಯ.

ತಿಕೋಟಾದ ಚಾಚಾ ಕೊನೆಗೆ ಲಸಿಕೆ ಪಡೆದದ್ದು ಹೀಗೆಯೇ. ಅವರ ಮಸೀದಿಯ ಪೇಶ್ ಇಮಾಮರು ಲಸಿಕೆ ಹಾಕಿಸಿಕೊಂಡು, ಮುಂದಿನ ಜುಮಾದಲ್ಲಿ ಖುತ್ಬಾಕ್ಕೆ ಮುನ್ನ ಎದ್ದು ನಿಂತು, ಎರಡು ದಿನ ಜ್ವರ ಬಂತು, ತೋಳು ಎತ್ತಲಾಗಲಿಲ್ಲ, ಮೂರನೆಯ ದಿನ ಫಜ್ರ್‌ಗೆ ಬಂದೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದರಂತೆ. “ಜ್ವರ ಬಂತು ಅಂತ ಹೇಳಿದ್ರಲ್ಲ, ಅದಕ್ಕ ನಂಬಿದೆ” ಎನ್ನುತ್ತಾರೆ ಚಾಚಾ.

ಸರಕಾರಕ್ಕೆ, ಟಿ.ವಿ.ಗೆ ಹೇಳಿದಷ್ಟೇ ಕಟುವಾಗಿ ನಮಗೂ ಹೇಳಿಕೊಳ್ಳಬೇಕು. ಲಸಿಕೆ ಪಡೆದವರು ಎರಡು ವರ್ಷದಲ್ಲಿ ಸಾಯುತ್ತಾರೆ, ಮಕ್ಕಳಾಗುವುದಿಲ್ಲ ಎಂಬ ಆಡಿಯೋಗಳನ್ನು ನಮ್ಮ ಕುಟುಂಬದ ಗುಂಪುಗಳಲ್ಲಿ ಹಂಚಿದವರು ಹೊರಗಿನವರಲ್ಲ. ತಂದವನು ಯಾರೆಂದು ನೋಡಿ ಸುದ್ದಿಯನ್ನು ಪರಿಶೀಲಿಸಿರಿ ಎಂದು ಸೂರಃ ಅಲ್ ಹುಜುರಾತ್ ಆದೇಶಿಸಿದೆ. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೇ ಒಬ್ಬನನ್ನು ಸುಳ್ಳುಗಾರನನ್ನಾಗಿಸಲು ಸಾಕೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಮಸೀದಿ ಕಮಿಟಿಗಳಲ್ಲಿ ನನ್ನದೊಂದು ವಿನಂತಿ ಇದೆ. ನಮ್ಮದೇ ಅಲ್ ಅಮೀನ್ ವೈದ್ಯಕೀಯ ಕಾಲೇಜು ಇರುವ ನಗರ ಇದು. ತಿಂಗಳಿಗೊಮ್ಮೆ ಅಸ್ರ್ ಬಳಿಕ ಒಬ್ಬ ವೈದ್ಯರನ್ನೂ ಒಬ್ಬ ಆಲಿಮರನ್ನೂ ಒಟ್ಟಿಗೆ ಕೂರಿಸಿ, ಜನ ಕೇಳಲಿ. ಹೆಂಗಸರಿಗೆ ಬೇರೆ ವ್ಯವಸ್ಥೆ ಇರಲಿ, ಏಕೆಂದರೆ ಮುಂದಿನ ಪ್ರಶ್ನೆ ಅವರದೇ.

ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಮಾತು ಹೇಳುತ್ತಿದ್ದೇನೆ. ಪುಣೆಯಲ್ಲಿ ತಯಾರಾಗುವ ಸರ್ವಾವ್ಯಾಕ್‌ಗೆ 2022ರಲ್ಲಿ ಪರವಾನಗಿ ಸಿಕ್ಕಿದೆ. ಚಾಚಾರ ಮೊಮ್ಮಗಳಿಗೆ ಈಗ 14. ಇದನ್ನು ಹಾಕಿಸಬೇಕೋ ಬೇಡವೋ ಎಂದು ಅವರು ನನ್ನನ್ನು ಕೇಳಿದಾಗ, ಈ ಸಲ ನಾನು ಗೊತ್ತಿಲ್ಲ ಎಂದೆ. ಹುಡುಗಿಯ ತಾಯಿಯನ್ನೂ ಕರೆದುಕೊಂಡು ಮೂವರೂ ವಿಜಯಪುರದ ಮಹಿಳಾ ವೈದ್ಯರೊಬ್ಬರ ಬಳಿ ಹೋದೆವು. ಚಾಚಾ ಚೀಟಿಯಲ್ಲಿ ಪ್ರಶ್ನೆ ಬರೆದುಕೊಂಡು ಬಂದಿದ್ದರು. ಖಮ್ಮಂ ಜಿಲ್ಲೆಯಲ್ಲಿ 2009ರಲ್ಲಿ ಹಾಸ್ಟೆಲ್ ಹುಡುಗಿಯರಿಗೆ ತಂದೆತಾಯಿಯ ಬದಲು ವಾರ್ಡನ್‌ಗಳ ಸಹಿ ಪಡೆದು ಇಂಥದೇ ಲಸಿಕೆ ಹಾಕಿದ್ದು, ಸಂಸತ್ತಿನ ಸಮಿತಿ 2013ರಲ್ಲಿ ಅದನ್ನು ಖಂಡಿಸಿದ್ದು ಅವರಿಗೆ ಗೊತ್ತಿತ್ತು. ವೈದ್ಯೆ ಅದನ್ನು ಅಲ್ಲಗಳೆಯಲಿಲ್ಲ. ಹಾಗೆ ಆದದ್ದು ತಪ್ಪು, ಅಲ್ಲಿನ ಹುಡುಗಿಯರ ಸಾವಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ, ಎರಡೂ ನಿಜ ಎಂದರು. ನಮ್ಮ ಮಗಳು ಶೀಲವಂತೆ, ಅವಳಿಗೇಕೆ ಎಂದು ತಾಯಿ ಮೆಲ್ಲಗೆ ಕೇಳಿದಾಗ, ಈ ವೈರಾಣು ಗಂಡನಿಂದಲೂ ಬರಬಹುದು ತಂಗಿ, ಅವನ ಹಿಂದಿನ ಬದುಕು ಅವಳಿಗೆ ಗೊತ್ತಿರುವುದಿಲ್ಲ ಎಂದು ಅಷ್ಟೇ ಮೆಲ್ಲಗೆ ಉತ್ತರಿಸಿದರು.

ತಾಯಿಗೆ ಇನ್ನೂ ಎರಡು ಪ್ರಶ್ನೆಗಳಿವೆಯಂತೆ, ಚಾಚಾರ ಎದುರು ಕೇಳುವಂಥವಲ್ಲ. ಮುಂದಿನ ವಾರ ಅವರನ್ನೂ ನನ್ನ ಪತ್ನಿಯನ್ನೂ ಇಬ್ಬರನ್ನೇ ಕಳುಹಿಸಲಿದ್ದೇವೆ.