ಬಾಗಿಲ ಲೈಟು ಮತ್ತು ಸೇವಂತಿಗೆ

ಈ ತಿಂಗಳು ಫೋನ್ ಮಾಡಿದವರೆಲ್ಲ ಕೇಳಿದ್ದು ಒಂದೇ: ಮಲ್ಲಿಗೆ ಎಲೆ ಹಳದಿಯಾಗ್ತಾ ಇದೆ, ಗೊಬ್ಬರ ಹಾಕ್ಲಾ? ಬೇಡ. ಈಗ ಗೊಬ್ಬರ ಹಾಕಿದರೆ ಗಿಡ ಎಳೇ ಚಿಗುರು ಬಿಡುತ್ತೆ, ಡಿಸೆಂಬರಿನ ಚಳಿಗೆ ಮೊದಲು ಸುಟ್ಟುಹೋಗೋದು ಆ ಚಿಗುರೇ. ಕತ್ತರಿಯನ್ನೂ ಈಗ ಮುಟ್ಟಬೇಡಿ. ನೀರು ಕಡಿಮೆ ಮಾಡಿ, ಮೇಲ್ಮಣ್ಣು ಬೆರಳಿಗೆ ಒಣಗಿದ ಹಾಗೆ ಸಿಕ್ಕಿದ ಮೇಲೆ ಹಾಕಿದರೆ ಸಾಕು. ನಮ್ಮ ಕಡೆಯ ಎಷ್ಟೋ ಗಿಡ ಇಲ್ಲಿ ಸಾಯೋದು ಬರೀ ಚಳಿಗಲ್ಲ. ಚಳಿಯಲ್ಲಿ ಬೇರು ಸುಮ್ಮನೆ ಕೂತಿರುವಾಗ ನಾವು ಪ್ರೀತಿಯಿಂದ ದಿನಾ ಸುರಿಯೋ ನೀರಿಗೆ ಬೇರು ಕೊಳೆತು ಸಾಯುತ್ತೆ.

ನಮ್ಮ ಗಿಡಗಳಿಗೆ ಇಲ್ಲಿನ ಚಳಿ ಅಂದರೆ ಏನು ಅನ್ನೋದಕ್ಕೆ ಒಂದು ಲೆಕ್ಕ ಹೇಳ್ತೀನಿ. ಬೆಂಗಳೂರಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ಸ್ಯಾನ್ ಹೋಸೆಯಲ್ಲಿ ಡಿಸೆಂಬರಿನ ಮಾಮೂಲಿ ರಾತ್ರಿಯೇ ಐದಾರು ಡಿಗ್ರಿಗೆ ಇಳಿಯುತ್ತೆ. ಊರಿನ ಗಿಡ ನೂರನಲವತ್ತು ವರ್ಷದಿಂದ ಕಾಣದ ಚಳಿಯನ್ನ ಇಲ್ಲಿ ವಾರಕ್ಕೆ ನಾಲ್ಕು ಸಲ ಕಾಣುತ್ತೆ. ಆದರೂ ಬದುಕುತ್ತೆ. ಅದಕ್ಕೆ ಹೆದರಿಕೆ ಇರೋದು ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳದ್ದು ಮಾತ್ರ, ಅಂದರೆ ಮೋಡ ಇಲ್ಲದ, ಗಾಳಿ ಅಲ್ಲಾಡದ, ನಕ್ಷತ್ರ ಚೆನ್ನಾಗಿ ಕಾಣುವ ರಾತ್ರಿಗಳು. ಫೋನಿನಲ್ಲಿ 36 ಫ್ಯಾರನ್‌ಹೀಟ್ ಅಂತ ತೋರಿಸಿದರೆ ನೆಲದ ಹತ್ತಿರ ಇನ್ನೂ ಕಡಿಮೆ ಇರುತ್ತೆ ಅಂತಲೇ ತಿಳ್ಕೊಳ್ಳಿ. ಅವತ್ತು ಮಧ್ಯಾಹ್ನ ಮಣ್ಣಿಗೆ ನೀರು ಕೊಡಿ. ಒದ್ದೆ ಮಣ್ಣು ಬಿಸಿಲನ್ನ ಹಿಡಿದಿಟ್ಟುಕೊಳ್ಳುತ್ತೆ. ಸಂಜೆ ಹಳೇ ಬೆಡ್‌ಶೀಟು ನೆಲ ಮುಟ್ಟೋ ಹಾಗೆ ಹೊದಿಸಿ. ಪ್ಲಾಸ್ಟಿಕ್ ಹಾಕಿದರೆ ಎಲೆಗೆ ತಾಗಿದ ಕಡೆಯೆಲ್ಲ ಸುಡುತ್ತೆ. ಬೆಳಿಗ್ಗೆ ಬಿಸಿಲು ಬಂದಾಗ ತೆಗೀರಿ. ಡೇಲಿ ಸಿಟಿಯವರಿಗೆ ಇದು ಬೇಕಾಗೋದು ಅಪರೂಪ, ಅವರಿಗೆ ಸಮುದ್ರದ ಮಂಜೇ ಕಂಬಳಿ. ಲಿವರ್‌ಮೋರ್, ಗಿಲ್‌ರಾಯ್ ಕಡೆಯವರು ಬೆಡ್‌ಶೀಟನ್ನ ಬಾಗಿಲ ಹತ್ತಿರವೇ ಇಟ್ಟುಕೊಳ್ಳಿ.

ಕನಕಾಂಬರವನ್ನ ಒಳಗೆ ತನ್ನಿ, ಅದರ ಹತ್ತಿರ ವಾದ ನಡೆಯಲ್ಲ.

ಇನ್ನು ಸೇವಂತಿಗೆ. ಇದಕ್ಕೆ ಚಳಿಯ ಭಯ ಅಷ್ಟಿಲ್ಲ, ಇದರ ಕತೆಯೇ ಬೇರೆ. ಹೋದ ವರ್ಷ ನಮ್ಮ ಮನೆಯಲ್ಲಿ ಆಗಿದ್ದನ್ನ ಹೇಳಿಬಿಡ್ತೀನಿ.

ಅಮ್ಮ ಏಪ್ರಿಲ್‌ನಲ್ಲಿ ಬಂದಿದ್ದಳು. ಗುಬ್ಬಿ ಹತ್ತಿರದ ನಮ್ಮೂರು ಬಿಟ್ಟು ಅಷ್ಟು ದಿನ ಎಲ್ಲೂ ಇದ್ದವಳಲ್ಲ. ಫ್ರೀಮಾಂಟಿನ ಈ ಬಾಡಿಗೆ ಮನೆಯಲ್ಲಿ ಇರೋದೇ ಬಾಗಿಲ ಮುಂದೆ ನಾಲ್ಕು ಕುಂಡ ಇಡೋವಷ್ಟು, ಅಡುಗೆಮನೆ ಕಿಟಕಿ ಆಚೆ ಎರಡು ಕುಂಡ ಇಡೋವಷ್ಟು ಜಾಗ. ನನ್ನ ಜೊತೆ ಕೆಲಸ ಮಾಡುವವರ ಮನೆಯಿಂದ ಹಳದಿ ಸೇವಂತಿಗೆ ಕಡ್ಡಿ ತರಿಸಿ ಆರಕ್ಕೆ ಆರನ್ನೂ ಚಿಗುರಿಸಿದಳು. ಆಯುಧಪೂಜೆಗೆ ನನ್ನ ಕಾರಿಗೆ ತಾನೇ ಬೆಳೆದ ಹೂವು ಒಂದು ಮಾರು ಕಟ್ಟಬೇಕು ಅಂತ ಅವಳ ಆಸೆ. ಅಂಗಡಿಯಲ್ಲಿ ಒಂದು ಮೊಳಕ್ಕೆ ಕೊಡೋ ಡಾಲರನ್ನ ರೂಪಾಯಿ ಮಾಡಿ ನೋಡಿದ ಮೇಲೆ ಆ ಆಸೆ ಹಟ ಆಯ್ತು.

ಸೆಪ್ಟೆಂಬರ್ ಬಂತು. ಹಿಂದುಗಡೆಯ ಎರಡು ಕುಂಡದಲ್ಲಿ ಮೊಗ್ಗು ಕಾಣಿಸ್ತು. ಮುಂದಿನ ನಾಲ್ಕು ಮಂಡಿ ಎತ್ತರ ಬೆಳೆದು ಹಸಿರಾಗಿ ನಿಂತಿವೆ, ಒಂದು ಮೊಗ್ಗಿಲ್ಲ. ಅದೇ ಕಡ್ಡಿ, ಅದೇ ಮಣ್ಣು. ಅಮ್ಮ ಅಕ್ಕಿ ತೊಳೆದ ನೀರು ಹಾಕಿದಳು, ಜಾಗ ಸರಿಯಿಲ್ಲ ಅಂದಳು, ಕೊನೆಗೆ "ದೃಷ್ಟಿ ತಾಗೈತೆ ಕಣಪ್ಪ" ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಹಾಕಿದಳು.

ಎದುರು ಮನೆಯಲ್ಲಿ ಜಪಾನಿ ಮೂಲದ ಅಜ್ಜ ಒಬ್ಬರಿದ್ದಾರೆ. ಅವರಿಗೂ ಅಮ್ಮನಿಗೂ ಒಂದು ಪದ ಸಮಾನವಾಗಿಲ್ಲ, ಆದರೂ ಇಬ್ಬರೂ ದಿನಾ ಮಾತಾಡ್ತಿದ್ದರು. ನನಗೆ ರಜ ಇದ್ದ ಒಂದು ದಿನ ಅವರು ಗಿಡ ನೋಡಿದರು, ಬಾಗಿಲ ಮೇಲಿನ ಲೈಟು ನೋಡಿದರು, ನನ್ನನ್ನ ಕೇಳಿದರು: ಇದು ರಾತ್ರಿ ಎಷ್ಟು ಹೊತ್ತು ಉರಿಯುತ್ತೆ?

ನಾನಿರೋದು ಆಸ್ಪತ್ರೆ ಲ್ಯಾಬಿನ ಸೆಕೆಂಡ್ ಶಿಫ್ಟಿನಲ್ಲಿ. ಮನೆ ಸೇರೋದು ಹನ್ನೆರಡೂವರೆ. ಅಲ್ಲಿತನಕ ಅಮ್ಮ ಲೈಟು ಆರಿಸ್ತಾ ಇರಲಿಲ್ಲ. ಬೀಗದಲ್ಲಿ ಕೀ ತಿರುಗಿದ ಸದ್ದು ಕೇಳಿದ ಮೇಲೇ ಸ್ವಿಚ್ಚು.

ಸೇವಂತಿಗೆ ಹಗಲು ರಾತ್ರಿಯ ಲೆಕ್ಕ ಇಡೋ ಗಿಡ. ರಾತ್ರಿ ಉದ್ದವಾಯ್ತು ಅಂತ ಅದಕ್ಕೆ ಗೊತ್ತಾದ ಮೇಲೇ ಮೊಗ್ಗು ಕಟ್ಟೋದು. ಮಧ್ಯೆ ಬೆಳಕು ಬಿದ್ದರೆ ಇನ್ನೂ ಬೇಸಿಗೆ ಅಂದುಕೊಂಡು ಬರೀ ಎಲೆ ಬಿಡ್ತಾ ಹೋಗುತ್ತೆ. ಗಿಡಗಳ ಈ ಗುಣವನ್ನ ಗಾರ್ನರ್, ಅಲ್ಲಾರ್ಡ್ ಅನ್ನೋ ಇಬ್ಬರು ಅಮೆರಿಕದ ಕೃಷಿ ಇಲಾಖೆಯಲ್ಲಿದ್ದುಕೊಂಡು ಕಂಡುಹಿಡಿದು 1920ರಲ್ಲಿ ಪ್ರಕಟಿಸಿದರು. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋದವರು ಹೂವಿನ ಹೊಲದಲ್ಲಿ ಬಲ್ಬಿನ ಸಾಲು ಉರಿಯೋದು ನೋಡಿರಬಹುದು, ಜಾತ್ರೆ ಇದ್ದ ಹಾಗೆ. ಹೂವು ಬೇಗ ಬರದೆ ಗಿಡ ಮೊದಲು ಎತ್ತರಕ್ಕೆ ಬೆಳೀಲಿ ಅಂತ ರೈತರು ಬೇಕೆಂತಲೇ ಹಾಕೋ ಬೆಳಕು ಅದು. ನಮ್ಮಮ್ಮ ಅದನ್ನೇ ಗೊತ್ತಿಲ್ಲದೆ ಮಾಡಿದ್ದಳು.

ಆ ಅಜ್ಜನ ತಂದೆ ಯುದ್ಧಕ್ಕೆ ಮೊದಲು ಹೇವರ್ಡ್ ಕಡೆ ಹೂವಿನ ಕೆಲಸದಲ್ಲಿದ್ದರಂತೆ. ಹಬ್ಬದ ದಿನಕ್ಕೆ ಸರಿಯಾಗಿ ಹೂವು ಬರಲಿ ಅಂತ ಸಂಜೆಗೆ ಮುಂಚೆಯೇ ಸೇವಂತಿಗೆ ಮೇಲೆ ಕರಿ ಬಟ್ಟೆ ಎಳೆದು ರಾತ್ರಿ ಮಾಡ್ತಿದ್ದರಂತೆ. ಈ ಕೊಲ್ಲಿ ಸುತ್ತ ಹೂವಿನ ವ್ಯಾಪಾರ ಬೆಳೆಸಿದವರಲ್ಲಿ ಜಪಾನಿನಿಂದ ಕೆಲಸ ಹುಡುಕಿಕೊಂಡು ಬಂದವರೇ ಮುಖ್ಯ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ಫ್ಲವರ್ ಮಾರ್ಕೆಟ್ಟನ್ನ 1912ರಲ್ಲಿ ಕಟ್ಟಿದ್ದು ಅವರೇ. 1942ರಲ್ಲಿ ಸರ್ಕಾರ ಅವರನ್ನೆಲ್ಲ ಮನೆ ತೋಟ ಬಿಡಿಸಿ, ಹಲವರನ್ನ ಸ್ಯಾನ್ ಬ್ರೂನೋದ ಟ್ಯಾನ್‌ಫೊರಾನ್ ಕುದುರೆ ರೇಸಿನ ಮೈದಾನದ ಲಾಯಗಳಲ್ಲಿಟ್ಟು, ಅಲ್ಲಿಂದ ಯೂಟಾದ ಟೋಪಾಜ್ ಮರಳುಗಾಡಿಗೆ ಕಳಿಸಿತು. ಹೆಚ್ಚಿನವರು ಹೊರಟಿದ್ದು ಗಿಡ ನೆಲದಲ್ಲಿರುವಾಗಲೇ. ಅಜ್ಜ ಇದನ್ನ ಎರಡೇ ಮಾತಿನಲ್ಲಿ ಹೇಳಿ ಲೈಟಿನ ಕಡೆ ಮತ್ತೆ ಕೈ ತೋರಿಸಿದರು.

ಲೈಟು ಆರಿಸು ಅಂದರೆ ಅಮ್ಮ ಒಪ್ಪಲಿಲ್ಲ. "ನೀನು ಆ ಹೊತ್ನಲ್ಲಿ ಕತ್ತಲಲ್ಲಿ ಬರ್ತೀಯಾ? ಹೂವಿಲ್ಲದಿದ್ರೆ ಹೋಗ್ಲಿ ಬಿಡು" ಅಂದಳು. ಕುಂಡ ಹಿಂದಕ್ಕೆ ಇಡೋಣ ಅಂದರೆ ಅಲ್ಲಿ ಜಾಗವಿಲ್ಲ. ಮಾರನೇ ದಿನ ನಾನು ಕೆಲಸಕ್ಕೆ ಹೋದ ಮೇಲೆ ಮನೆ ಬದಲಾಯಿಸಿದಾಗ ಉಳಿದಿದ್ದ ರಟ್ಟಿನ ಡಬ್ಬಗಳನ್ನ ಹುಡುಕಿ ತೆಗೆದಿದ್ದಾಳೆ. ಅವತ್ತಿನಿಂದ ಸಂಜೆ ಆರಕ್ಕೆ ನಾಲ್ಕು ಕುಂಡಕ್ಕೂ ಡಬ್ಬ ಕವುಚಿ ಮೇಲೊಂದು ಕಲ್ಲು, ಬೆಳಿಗ್ಗೆ ಎಂಟಕ್ಕೆ ತೆಗೆಯೋದು. ಲೈಟು ಮಾತ್ರ ಹನ್ನೆರಡೂವರೆಯ ತನಕ ಉರೀತಾನೇ ಇತ್ತು.

ಇದು ಶುರುವಾಗಿದ್ದು ಸೆಪ್ಟೆಂಬರ್ ನಡುವೆ. ಬೆಳಕು ತಪ್ಪಿಸಿದ ಮೇಲೆ ಹೂವಿಗೆ ಎಂಟು ಒಂಬತ್ತು ವಾರ ಬೇಕು. ಆಯುಧಪೂಜೆಗೆ ಹಿಂದಿನ ಕುಂಡದ ಒಂದು ಹಿಡಿ ಹೂವು ದೇವರಿಗಾಯ್ತು, ಕಾರಿಗೆ ಅಂಗಡಿಯದೇ. ಅಮ್ಮನಿಗೆ ಕೊಟ್ಟಿದ್ದ ಆರು ತಿಂಗಳು ಅಕ್ಟೋಬರ್ ನಡುವಿಗೆ ಮುಗೀತಿತ್ತು. ಇನ್ನಷ್ಟು ದಿನ ಕೇಳಿ ಅರ್ಜಿ ಹಾಕಬಹುದಿತ್ತು, ಆದರೆ ಊರಲ್ಲಿ ಅಪ್ಪ ಒಬ್ಬರೇ. ಹೊರಡೋ ದಿನ ಬೆಳಿಗ್ಗೆ ಡಬ್ಬ ತೆಗೆದು ಬಗ್ಗಿ ನೋಡಿದಳು. ಪ್ರತಿ ಕೊನೆಯಲ್ಲೂ ಮೆಣಸಿನ ಕಾಳಿನಷ್ಟು ಮೊಗ್ಗು. "ಬಂತು ನೋಡು" ಅಂದಳು, ಅಷ್ಟೇ. ಸೂಟ್‌ಕೇಸ್ ತೂಕ ಜಾಸ್ತಿ ಆಗಿ ಆಮೇಲೆ ಗಲಾಟೆ.

ಅವಳು ಹೋದ ಮೇಲೆ ಡಬ್ಬ ಕವುಚೋ ಕೆಲಸ ಇರಲಿಲ್ಲ. ಲೈಟು ಹಾಕೋರು ಇರಲಿಲ್ಲವಲ್ಲ. ಫೋನಿನ ಟಾರ್ಚ್ ಹಿಡಿದು ಬೀಗ ತೆಗೆಯೋದು ರೂಢಿಯಾಯ್ತು. ನವೆಂಬರಿನ ಮೂರನೇ ವಾರ ನಾಲ್ಕೂ ಕುಂಡ ಒಟ್ಟಿಗೆ ಅರಳಿದವು. ವಿಡಿಯೋ ಕಾಲಿನಲ್ಲಿ ಅಮ್ಮ ಹೇಳಿಕೊಡ್ತಾ ಹೋದಳು, ನಾನು ಹೊಲಿಗೆ ದಾರದಲ್ಲಿ ಹೂ ಕಟ್ಟೋಕೆ ಕೂತೆ. ಒಂದೂವರೆ ಗಂಟೆಗೆ ಒಂದು ಗೇಣು ಆಯ್ತು, ಅದರಲ್ಲೂ ಎತ್ತಿದಾಗ ಐದು ಹೂವು ಉದುರಿದವು. ಉಳಿದಿದ್ದನ್ನ ಕಾರಿನ ಕನ್ನಡಿಗೆ ಕಟ್ಟಿ ಫೋಟೋ ಕಳಿಸಿದೆ. ಅರ್ಧ ಮಾಲೆಯನ್ನ ಎದುರು ಮನೆ ಅಜ್ಜನಿಗೂ ಕೊಡಬಾರದಿತ್ತಾ ಅಂತ ಬೈದಳು. ಕೊಟ್ಟಿದ್ದೆ, ಮಾಲೆಯಲ್ಲ, ಒಂದು ಕುಂಡ.

ಈ ವರ್ಷ ಅಮ್ಮ ಬರಲಿಲ್ಲ. ಮಂಡಿ ನೋವು, ಅಷ್ಟು ಹೊತ್ತು ವಿಮಾನದಲ್ಲಿ ಕೂರೋಕಾಗಲ್ಲ ಅಂತಾಳೆ. ಬಾಗಿಲ ಮುಂದೆ ಸೇವಂತಿಗೆ ಆಗಲೇ ಬಿರಿಯೋಕೆ ಶುರುವಾಗಿದೆ.

ಮರೆಯೋಕೆ ಮುಂಚೆ ಕರಿಬೇವಿನ ಮಾತು. ಚಳಿಗೆ ಎಲೆಯೆಲ್ಲ ಉದುರಿಸಿ ಬೋಳಾದರೆ ಸತ್ತಿತು ಅಂತ ಕಿತ್ತು ಹಾಕಬೇಡಿ. ಕಾಂಡವನ್ನ ಉಗುರಿನಲ್ಲಿ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಬೇಸಿಗೆ ಹೊತ್ತಿಗೆ ಚಿಗುರುತ್ತೆ. ಮನೆ ಬದಲಾಯಿಸುವವರು ಕರಿಬೇವಿನ ಕುಂಡವನ್ನ ಕಾರಿಗೆ ಹಾಕಿಕೊಂಡು ಹೊರಡೋ ಮುಂಚೆ ಕೌಂಟಿಯ ಕೃಷಿ ಕಚೇರಿಯನ್ನ ಕೇಳಿ. ಕಿತ್ತಳೆ, ನಿಂಬೆ ಗಿಡಗಳನ್ನ ಕೊಲ್ಲೋ ರೋಗ ಹರಡುವ ಒಂದು ಚಿಕ್ಕ ಹುಳ ಕರಿಬೇವಿನಲ್ಲೂ ಮೊಟ್ಟೆ ಇಡುತ್ತೆ, ಅದಕ್ಕೇ ಕೆಲವು ಕಡೆ ಸಾಗಿಸೋಕೆ ನಿರ್ಬಂಧ ಇದೆ. ಊರಿನಿಂದ ಬ್ಯಾಗಿನಲ್ಲಿ ಗಿಡ ತರೋ ಸಾಹಸವಂತೂ ಬೇಡ.

ಸೇವಂತಿಗೆ ಹೂವು ಮುಗಿದ ಮೇಲೆ ನೆಲದಿಂದ ಒಂದು ಗೇಣು ಬಿಟ್ಟು ಕತ್ತರಿಸಿ. ಬುಡದಲ್ಲಿ ಮರಿ ಬರುತ್ತೆ. ನಾನು ಫೆಬ್ರವರಿ ಕೊನೆಗೆ ಮರಿ ಕೀಳ್ತೀನಿ, ಹತ್ತು ಹನ್ನೆರಡು ಸಿಗಬಹುದು. ಬೇಕಾದವರು ಒಂದು ಖಾಲಿ ಡಬ್ಬಿ ತಗೊಂಡು ಬನ್ನಿ. ರಾತ್ರಿ ಪಾಳಿಯವರಾದರೆ, ಮನೆಯಲ್ಲಿ ಕಾಯೋರು ಇದ್ದರೆ, ಕುಂಡ ಇಡೋ ಜಾಗ ಮೊದಲೇ ನೋಡಿಕೊಳ್ಳಿ.