ಕೋರ್ಟು ಕಟ್ಟಿ, ಒಳಗೆ ಕನ್ನಡವನ್ನೂ ಕೂರಿಸಿ!

ಸಿಂಧನೂರಿನ ಭತ್ತ ನಾಡಿಗೆ ಬೇಕು. ಲಿಂಗಸುಗೂರು ತಾಲೂಕಿನ ಹಟ್ಟಿಯ ಚಿನ್ನ ಸರ್ಕಾರಕ್ಕೆ ಬೇಕು. ಮಸ್ಕಿಯ ಅಶೋಕನ ಶಾಸನ ಮಂತ್ರಿಗಳ ಭಾಷಣಕ್ಕೆ ಬೇಕು. ಆದರೆ ಇದೇ ಮೂರು ತಾಲೂಕಿನ ರೈತ, ಗಣಿ ಕಾರ್ಮಿಕ, ಕೂಲಿ ಹೆಣ್ಣುಮಗಳು 'ನಮಗೊಂದು ಸುಸಜ್ಜಿತ ನ್ಯಾಯಾಲಯ ಬೇಕು, ಅದರೊಳಗೆ ನಮಗೆ ತಿಳಿಯುವ ಭಾಷೆ ಬೇಕು' ಎಂದರೆ ಮಾತ್ರ ಆಳುವವರಿಗೆ ಕಿವಿ ಕೇಳುವುದಿಲ್ಲ. ಇದ್ಯಾವ ನ್ಯಾಯ ಸ್ವಾಮಿ?

ಕನ್ನಡಿಗರೇ, ಮೊದಲು ನಮ್ಮ ನೆಲದ ಚರಿತ್ರೆ ನೆನೆಯಿರಿ. 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಬಂಡೆ ಶಾಸನ, 'ದೇವಾನಾಂಪ್ರಿಯ' ಎಂದರೆ ಅಶೋಕನೇ ಎಂದು ಜಗತ್ತಿಗೆ ತೋರಿಸಿಕೊಟ್ಟಿತು. ಹೆಮ್ಮೆಪಡೋಣ. ಆದರೆ ಅದರ ಭಾಷೆ ಪ್ರಾಕೃತ, ಅಂದು ಆಳುವವರ ಭಾಷೆ. ಮುಂದೆ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಈ ಸೀಮೆಯ ದಾನದತ್ತಿಗಳು ಕನ್ನಡದಲ್ಲಿ ಕಲ್ಲೇರಿದವು. ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಮೊದಲು ಫಾರ್ಸಿ, ಆಮೇಲೆ ಉರ್ದು. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು, 1956ರಲ್ಲಿ ಕನ್ನಡ ನಾಡು ಸೇರಿದೆವು. ಆದರೆ ಆ ಕುರ್ಚಿಯಲ್ಲಿ ಇಂಗ್ಲಿಷ್ ಬಂದು ಕೂತಿತು. ಕನ್ನಡ ಇನ್ನೂ ವರಾಂಡದಲ್ಲೇ ನಿಂತಿದೆ!

ದೂರದ ಕಥೆಯೂ ಹೀಗೆಯೇ. 1905ರವರೆಗೆ ಲಿಂಗಸುಗೂರು ಜಿಲ್ಲಾ ಕೇಂದ್ರವಾಗಿತ್ತು. ಆ ಜಿಲ್ಲೆ ರದ್ದಾಗಿ ನಮ್ಮ ಜನ ರಾಯಚೂರಿನ ದಾರಿ ಹಿಡಿದರು. ಹೈಕೋರ್ಟಿಗಾದರೆ ರಾತ್ರಿ ಬಸ್ಸು ಹತ್ತಿ ಬೆಂಗಳೂರು! ವರ್ಷಗಟ್ಟಲೆ ಹೋರಾಡಿದ ಮೇಲೆ 2008ರಲ್ಲಿ ಕಲಬುರಗಿಗೆ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಯಾರೂ ದಾನ ಕೊಟ್ಟದ್ದಲ್ಲ, ನಾವು ಕೇಳಿ ಪಡೆದದ್ದು.

'ಕಟ್ಟಡ ಕಟ್ಟಿದರೆ ನ್ಯಾಯ ಬಂದುಬಿಡುತ್ತದೆಯೇ?' ಎಂದು ಕೆಲವು ಬುದ್ಧಿವಂತರು ಕೇಳುತ್ತಾರೆ. ಇದಕ್ಕೆ ದೇಶದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಎನ್.ವಿ. ರಮಣ ಅವರೇ 2021ರ ಅಕ್ಟೋಬರಿನಲ್ಲಿ ಲೆಕ್ಕ ಕೊಟ್ಟಿದ್ದಾರೆ. ದೇಶದಲ್ಲಿ ಮಂಜೂರಾದ ನ್ಯಾಯಾಧಿಕಾರಿ ಹುದ್ದೆಗಳು 24,280, ಇರುವ ಕೋರ್ಟ್ ಹಾಲ್‌ಗಳು 20,143. ಅದರಲ್ಲೂ 620 ಬಾಡಿಗೆಯವು. ನೂರಕ್ಕೆ 26 ನ್ಯಾಯಾಲಯ ಸಂಕೀರ್ಣಗಳಲ್ಲಿ ಹೆಂಗಸರಿಗೆ ಪ್ರತ್ಯೇಕ ಶೌಚಾಲಯವಿಲ್ಲ. ಶುದ್ಧ ಕುಡಿಯುವ ನೀರು ಇರುವುದು 54ರಲ್ಲಿ ಮಾತ್ರ. ದಾಖಲೆಗಳಿಗೆ ಪ್ರತ್ಯೇಕ ಕೊಠಡಿ ಇರುವುದು ಬರೀ 32ರಲ್ಲಿ! ಜೀವನಾಂಶ ಕೇಳಲು ಹಸುಗೂಸಿನೊಂದಿಗೆ ಬಂದ ತಾಯಿ ಬೆಳಗಿನಿಂದ ಸಂಜೆವರೆಗೆ ನೀರು ಕುಡಿಯದೆ ಕೂಡಬೇಕೇ? ಹೊಲದ ದಾವೆಯ ಕಾಗದ ಗೆದ್ದಲು ತಿಂದು ಹೋದರೆ ಮೊಮ್ಮಗ ಯಾರನ್ನು ಕೇಳಬೇಕು? ಕಟ್ಟಡ ಶೋಕಿಯಲ್ಲ, ಅದು ನ್ಯಾಯದ ಮೊದಲ ಮೆಟ್ಟಿಲು.

ನಮ್ಮೂರಿನದೇ ಉದಾಹರಣೆ ನೋಡಿ. 2020ರಲ್ಲಿ ಸಿಂಧನೂರಿನಲ್ಲಿ ಪ್ರೇಮ ವಿವಾಹದ ದ್ವೇಷಕ್ಕೆ ಒಂದೇ ಕುಟುಂಬದವರ ಕೊಲೆಯಾಯಿತು. 2025ರ ಏಪ್ರಿಲಿನಲ್ಲಿ ಸಿಂಧನೂರಿನಲ್ಲೇ ಇರುವ ಸೆಷನ್ಸ್ ನ್ಯಾಯಾಲಯ ಮೂವರಿಗೆ ಮರಣದಂಡನೆ, ಒಂಬತ್ತು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಕೋರ್ಟು ಮನೆ ಬಾಗಿಲಲ್ಲಿದ್ದರೆ ಸಾಕ್ಷಿ ಹೇಳುವ ಬಡವನಿಗೆ ಬಸ್ ಚಾರ್ಜಿನ ಭಯವಿಲ್ಲ. ಆದರೆ ಆರೋಪಿಯ ಕಡೆಯವರ ಎದುರೇ ಒಂದೇ ವರಾಂಡದಲ್ಲಿ ಕಾಯುವ ಭಯ? ಅದಕ್ಕಾಗಿಯೇ ದುರ್ಬಲ ಸಾಕ್ಷಿಗಳಿಗೆ ಪ್ರತ್ಯೇಕ ವ್ಯವಸ್ಥೆ ಇರಬೇಕು, ಜಿಲ್ಲಾ ನ್ಯಾಯಾಲಯಗಳಲ್ಲಿ 2019ರ ಕೊನೆಯೊಳಗೆ ಮಾಡಿ ಎಂದು ಸುಪ್ರೀಂ ಕೋರ್ಟು 2018ರಲ್ಲೇ ಹೇಳಿತು. ಜಿಲ್ಲೆಗೆ ಬೇಕಾದದ್ದು ತಾಲೂಕಿಗೆ ಬೇಡವೇ?

ಇನ್ನು ಭಾಷೆಯ ಮಾತು. ಮರಣದಂಡನೆಯನ್ನು ಹೈಕೋರ್ಟು ಖಾಯಂ ಮಾಡಬೇಕೆಂಬುದು ಕಾನೂನು. ಅಲ್ಲಿನ ಭಾಷೆ ಇಂಗ್ಲಿಷ್. ಕನ್ನಡದಲ್ಲಿ ಅತ್ತು ಹೇಳಿದ ಸಾಕ್ಷಿ ಇಂಗ್ಲಿಷಿಗೆ ತರ್ಜುಮೆಯಾಗಿ ಹೋಗಬೇಕು. ಅದರಲ್ಲಿ ಒಂದು ಮಾತು ಜಾರಿದರೆ ನಿರಪರಾಧಿಯ ಜೀವ ಹೋದೀತು, ಇಲ್ಲವೇ ಕೊಲೆಗಡುಕ ಪಾರಾದಾನು! ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರದ ಹೈಕೋರ್ಟುಗಳಲ್ಲಿ ಹಿಂದಿಗೆ ಅನುಮತಿ ಇದೆ. ಸಂವಿಧಾನದ 348ನೇ ವಿಧಿ ರಾಜ್ಯದ ಆಡಳಿತ ಭಾಷೆಗೂ ಆ ಬಾಗಿಲು ತೆರೆದಿಟ್ಟಿದೆ. ಹಿಂದಿಗೆ ಸಿಕ್ಕಿದ್ದು ಕನ್ನಡಕ್ಕೆ ಏಕಿಲ್ಲ?

ಕೆಳಗಿನ ನ್ಯಾಯಾಲಯಗಳ ಭಾಷೆ ಕನ್ನಡವೆಂದು ಸರ್ಕಾರವೇ ಘೋಷಿಸಿದೆ. ಆದರೂ ಕನ್ನಡದಲ್ಲಿ ತೀರ್ಪು ಬರೆದವರನ್ನು ಹುಡುಕಿ ಪ್ರಶಸ್ತಿ ಕೊಡುತ್ತಾರೆ! ಬರೆದವರಿಗೆ ನಮ್ಮ ನಮಸ್ಕಾರ. ಆದರೆ ಕರ್ನಾಟಕದಲ್ಲಿ ಕನ್ನಡ ಬರೆಯುವುದೇ ಪ್ರಶಸ್ತಿಗೆ ತಕ್ಕ ಸಾಹಸವಾದರೆ ನಾಚಿಕೆ ಯಾರಿಗೆ? ಕನ್ನಡಕ್ಕೆ ಕಾನೂನಿನ ಪದಗಳಿಲ್ಲ ಎನ್ನುವವರು ದಾವೆ, ಜಾಮೀನು, ಅರ್ಜಿ, ವಕಾಲತ್ತು ಎನ್ನುವ ನಮ್ಮ ರೈತನ ಮಾತು ಕೇಳಲಿ. ಫಾರ್ಸಿಯಿಂದ, ಉರ್ದುವಿನಿಂದ ಬಂದದ್ದನ್ನೂ ಅರಗಿಸಿಕೊಂಡ ಭಾಷೆ ನಮ್ಮದು. ಹೈಕೋರ್ಟಿನಲ್ಲೇ 2024ರ ಡಿಸೆಂಬರಿನಲ್ಲಿ ಕನ್ನಡದಲ್ಲಿ ತೀರ್ಪು ಬಂದಿದೆ. ಆಗದೆಂಬ ನೆಪ ಸಾಕು!

ಹಣವಿಲ್ಲ ಎನ್ನಬೇಡಿ. ನ್ಯಾಯಾಲಯ ಕಟ್ಟಡಗಳಿಗೆ 1993-94ರಿಂದ ಕೇಂದ್ರದ ಯೋಜನೆ ಇದೆ, ನೂರಕ್ಕೆ 60 ಕೇಂದ್ರದ ಪಾಲು, 40 ರಾಜ್ಯದ್ದು. ನ್ಯಾಯಾಲಯಗಳ ಗಣಕೀಕರಣಕ್ಕೆ 2023ರಲ್ಲಿ ಕೇಂದ್ರ 7,210 ಕೋಟಿ ರೂಪಾಯಿ ಒಪ್ಪಿದೆ. ನಮಗಾಗಿ 371ಜೆ ಇದೆ. ಇಲ್ಲದಿರುವುದು ಇಚ್ಛಾಶಕ್ತಿ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಸಿಂಧನೂರು, ಲಿಂಗಸುಗೂರಿನ ನ್ಯಾಯಾಲಯಗಳಿಗೆ ಜನ ಬೆಳೆದಷ್ಟು ಹಾಲ್, ದಾಖಲೆ ಕೊಠಡಿ, ಸಾಕ್ಷಿ ಕೊಠಡಿ, ಹೆಂಗಸರಿಗೆ ಶೌಚಾಲಯ, ಕುಡಿಯುವ ನೀರು ಕೊಡಿ. ಮಸ್ಕಿಯನ್ನು ತಾಲೂಕು ಮಾಡಿದ ಮೇಲೆ ತಹಶೀಲ್ದಾರರ ಬೋರ್ಡು ಸಾಲದು, ನ್ಯಾಯಾಲಯಕ್ಕೂ ಪೂರ್ಣ ಸೌಕರ್ಯ ಬೇಕು. ಪ್ರತಿ ಕಟ್ಟಡದಲ್ಲೂ ಕನ್ನಡ ಬಲ್ಲ ಶೀಘ್ರಲಿಪಿಗಾರರು, ಕನ್ನಡ ತಂತ್ರಾಂಶದ ಗಣಕಯಂತ್ರ, ನುರಿತ ಭಾಷಾಂತರಕಾರರು ಇರಲೇಬೇಕು. ಕಕ್ಷಿದಾರನ ಕೈಗೆ ಕೊಡುವ ತೀರ್ಪಿನ ಪ್ರತಿ ಕನ್ನಡದಲ್ಲಿರಬೇಕು.

ಬಂಧುಗಳೇ, ಮುಂದಿನ ಸಲ ಶಾಸಕರು ಊರಿಗೆ ಬಂದಾಗ ಹಾರ ಹಾಕುವ ಮೊದಲು ಒಂದೇ ಪ್ರಶ್ನೆ ಕೇಳಿ: ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದ ನಮ್ಮ ಭಾಷೆಯಲ್ಲಿ ಬರುವುದು ಯಾವಾಗ? ಉತ್ತರ ಬರುವವರೆಗೆ ಹಾರ ನಿಮ್ಮ ಕೈಯಲ್ಲೇ ಇರಲಿ!